ಅಂಜಲ್ ತವಾ ಫ್ರೈ: ಮೀನು ಆರಿಸುವಲ್ಲಿಂದ ಕಾವಲಿಯಿಂದ ಇಳಿಸುವವರೆಗೆ

ಮಸಾಲೆಯೆಲ್ಲ ಕಾವಲಿಗೆ ಅಂಟಿತು, ಮೀನು ಬೋಳಾಗಿ ತಟ್ಟೆಗೆ ಬಂತು. ಹೊರಗೆ ಕಪ್ಪಾಯಿತು, ಮುಳ್ಳಿನ ಹತ್ತಿರ ಹಸಿಯಾಗಿಯೇ ಉಳಿಯಿತು. ಅಥವಾ ಎಲ್ಲ ಸರಿಯಿದ್ದರೂ ಒಳಗೆ ಒಣಗಿ ನಾರುನಾರಾಯಿತು. ಅಂಜಲ್ ಫ್ರೈ ಬಗ್ಗೆ ಕೇಳಿಬರುವ ದೂರು ಹೆಚ್ಚುಕಡಿಮೆ ಈ ಮೂರೇ. ದೂರು ಹೇಳಿದವರು ಆಮೇಲೆ ಕೇಳುವುದು ಮಸಾಲೆಯ ಅಳತೆ. ತಪ್ಪು ಅಲ್ಲಿರುವುದು ಅಪರೂಪ. ಮೀನು ಕೊಳ್ಳುವಾಗ, ಮನೆಗೆ ತರುವಾಗ, ತೊಳೆಯುವಾಗಲೇ ಕೆಲಸ ಅರ್ಧ ಕೆಟ್ಟಿರುತ್ತದೆ. ಮೀನಿನ ಮೈಮೇಲೆ ಉಳಿದ ನೀರು ಮಿಕ್ಕ ಅರ್ಧ ಕೆಡಿಸುತ್ತದೆ.

ಹಾಗಾಗಿ ಇಲ್ಲಿ ಮಸಾಲೆ ಬರುವುದು 6ನೇ ಹಂತದಲ್ಲಿ. ನೇರ ಅಲ್ಲಿಗೆ ಹಾರಬೇಡಿ.

ಬೇಕಾಗುವ ಸಾಮಾನು

ದಪ್ಪ ತಳದ ಕಬ್ಬಿಣದ ಕಾವಲಿ ಒಳ್ಳೆಯದು. ದೋಸೆ ಹೊಯ್ದು ಪಳಗಿದ್ದಾದರೆ ಇನ್ನೂ ಒಳ್ಳೆಯದು. ನಾನ್‌ಸ್ಟಿಕ್ ಆದರೂ ನಡೆಯುತ್ತದೆ. ತೆಳ್ಳಗಿನ ಅಲ್ಯೂಮಿನಿಯಂ ತವಾ ಬೇಡ. ನಡುವೆ ಸುಡುತ್ತದೆ, ಅಂಚಿನಲ್ಲಿ ಬೇಯುವುದೇ ಇಲ್ಲ. ತೆಳು ಅಂಚಿನ ಅಗಲವಾದ ಮಗುಚುವ ಕೈ, ಒರೆಸಲು ಒಂದು ಒಣ ಹತ್ತಿಬಟ್ಟೆ, ಇಳಿಸಿಡಲು ತಂತಿಯ ಜಾಲರಿ ಬೇಕು. ಮೀನು ತರಲು ಥರ್ಮೋಕೋಲ್ ಡಬ್ಬಿ ಅಥವಾ ದಪ್ಪ ಕೂಲರ್ ಚೀಲ ಬೇಕೇ ಬೇಕು. ಇದನ್ನು ಬಹಳ ಜನ ಸಾಮಾನಿನ ಪಟ್ಟಿಗೆ ಸೇರಿಸುವುದೇ ಇಲ್ಲ.

ಹಂತ 1: ಅದು ಅಂಜಲೇ ಹೌದಾ ನೋಡಿ

ಮಂಗಳೂರು, ಉಡುಪಿಯಲ್ಲಿ ಅಂಜಲ್, ಕಾರವಾರದ ಕಡೆ ಇಸ್ವಾಣ, ಮುಂಬೈಯಲ್ಲಿ ಸುರ್ಮಾಯಿ, ಚೆನ್ನೈಯಲ್ಲಿ ವಂಜರಂ. ಬೆಂಗಳೂರಿನ ಅಂಗಡಿಯಲ್ಲಿ ಯಾವ ಹೆಸರಲ್ಲಾದರೂ ಸಿಗಬಹುದು. ಈ ಹೆಸರಿನಡಿ ಒಂದಕ್ಕಿಂತ ಹೆಚ್ಚು ಜಾತಿ ಇವೆ. ನಮ್ಮ ಮಾರುಕಟ್ಟೆಯಲ್ಲಿ ಎರಡನ್ನು ಗುರುತಿಸಿದರೆ ಸಾಕು.

ಮೈಮೇಲೆ ಅಲೆಯಲೆಯಾದ ಅಡ್ಡಗೆರೆ ಇರುವುದು ದೊಡ್ಡ ಜಾತಿ. ಇದು ಎರಡು ಮೀಟರ್ ಮೀರಿಯೂ ಬೆಳೆಯಬಲ್ಲದು. ಇದರ ಪಕ್ಕೆಯ ಉದ್ದಕ್ಕೂ ಓಡುವ ಸಣ್ಣ ರೇಖೆ ಬೆನ್ನಿನ ಎರಡನೇ ರೆಕ್ಕೆ ಮುಗಿಯುವಲ್ಲಿ ಥಟ್ಟನೆ ಕೆಳಗಿಳಿಯುತ್ತದೆ. ಎರಡನೆಯದರ ಮೈಮೇಲೆ ಗೆರೆಯ ಬದಲು ಸಾಲು ಚುಕ್ಕಿಗಳು. ಅದರ ರೇಖೆ ನಿಧಾನವಾಗಿ ಬಾಗುತ್ತದೆ. ಇದು ಗಾತ್ರದಲ್ಲಿ ಚಿಕ್ಕದು. ದಡದ ಹತ್ತಿರದ ಕದಡಿದ ನೀರಿನಲ್ಲೂ ಓಡಾಡುತ್ತದೆ, ಅಳಿವೆಯೊಳಗೂ ಬರುತ್ತದೆ.

ಫ್ರೈಗೆ ನನ್ನ ಆಯ್ಕೆ 2ರಿಂದ 4 ಕಿಲೋ ತೂಗುವ ಮೀನು. ಹತ್ತು ಕಿಲೋದ ಮೀನಿನ ತುಂಡು ನೋಡಲು ಭರ್ಜರಿ, ಫೋಟೋಗೂ ಚೆನ್ನ. ಆದರೆ ಒಂದೊಂದು ತುಂಡೂ ತಟ್ಟೆಯಗಲ ಇರುತ್ತದೆ. ನಡುಭಾಗ ಬೇಯುವಷ್ಟರಲ್ಲಿ ಅಂಚು ಒಣಗುತ್ತದೆ. ಅಂಥದ್ದು ಸಾರಿಗೆ ಸರಿ. ತೀರಾ ಮರಿಗಳನ್ನು ಕೊಳ್ಳಬೇಡಿ. ಇನ್ನೂ ಮೊಟ್ಟೆ ಇಡದ ಮೀನು ಅದು, ರುಚಿಯೂ ಅಷ್ಟಕ್ಕಷ್ಟೇ.

ಮೋಸ ನಡೆಯುವುದು ಮೊದಲೇ ಕತ್ತರಿಸಿಟ್ಟ ತುಂಡಿನಲ್ಲಿ. ಬ್ಯಾರಕುಡಾ, ಕೋಬಿಯಾ ಎರಡೂ ಅಂಜಲ್ ಅಂತ ಮಾರಾಟವಾಗುವುದುಂಟು. ತಿನ್ನಲು ಅವೇನೂ ಕೆಟ್ಟ ಮೀನಲ್ಲ, ಅಂಜಲ್ ಬೆಲೆ ಕೊಡಬೇಕಾಗಿಲ್ಲ ಅಷ್ಟೇ. ಚರ್ಮ ನೋಡಿ. ಅಂಜಲ್ ಚರ್ಮ ಬೆಳ್ಳಿ ಬಣ್ಣದ್ದು, ತೆಳು, ನುಣುಪು, ಕಣ್ಣಿಗೆ ಕಾಣುವಂಥ ಹುರುಪೆ ಇರುವುದಿಲ್ಲ. ಬ್ಯಾರಕುಡಾ ಚರ್ಮದಲ್ಲಿ ಹುರುಪೆಯ ಗುರುತು ಎದ್ದು ಕಾಣುತ್ತದೆ. ಕೋಬಿಯಾದ ಬೆನ್ನು ಕಡು ಕಂದು. ಅನುಮಾನ ಬಂದರೆ ತಲೆ ತೋರಿಸಿ ಅನ್ನಿ. ತಲೆ ಇಲ್ಲ ಅಂದರೆ ಆ ತುಂಡೂ ಬೇಡ.

ಹಂತ 2: ತಾಜಾ ಇದೆಯಾ?

ಇಡೀ ಮೀನು ಆರಿಸಿ, ಕಣ್ಣೆದುರೇ ಕೊಯ್ಯಿಸಿ. ಒಬ್ಬರಿಗೆ ಜಾಸ್ತಿಯಾದರೆ ಪಕ್ಕದ ಮನೆಯವರ ಜೊತೆ ಹಂಚಿಕೊಳ್ಳಿ. ಹೆಚ್ಚಿನ ಕಡೆ ತೂಕ ಹಾಕುವುದು ಕೊಯ್ಯುವ ಮೊದಲು. ತಲೆ, ಕರುಳು, ಬಾಲ ಹೋದರೆ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಎಂದು ಲೆಕ್ಕ ಇಟ್ಟುಕೊಂಡೇ ಕೊಳ್ಳಿ.

ಕಿವಿರು ಎತ್ತಿ ನೋಡಿ. ಕೆಂಪಗೆ, ಒದ್ದೆಯಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದರೆ ಬಿಟ್ಟುಬಿಡಿ. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಆದರೆ ಐಸ್ ತಗುಲಿ ಕಣ್ಣು ಮಸುಕಾಗುವುದೂ ಉಂಟು, ಅದೊಂದನ್ನೇ ನಂಬಬೇಡಿ. ಎಲ್ಲಕ್ಕಿಂತ ಹೆಚ್ಚು ಹೇಳುವುದು ಹೊಟ್ಟೆ. ಅಂಜಲ್ ಬಂಗುಡೆ, ಬೂತಾಯಿ ಹಿಂಡನ್ನು ಅಟ್ಟಿಸಿಕೊಂಡು ಹೋಗಿ ತಿನ್ನುವ ಮೀನು. ಸತ್ತ ಮೇಲೂ ಅದರ ಹೊಟ್ಟೆಯ ಜೀರ್ಣರಸ ಕೆಲಸ ನಿಲ್ಲಿಸುವುದಿಲ್ಲ, ಹೊಟ್ಟೆಯ ಗೋಡೆಯನ್ನೇ ತಿನ್ನಲು ಶುರು ಮಾಡುತ್ತದೆ. ಹೊಟ್ಟೆ ಮೆತ್ತಗಾಗಿದ್ದರೆ, ಒಡೆದಿದ್ದರೆ, ಗುದದ್ವಾರದಿಂದ ರಸ ಸೋರುತ್ತಿದ್ದರೆ ಬೆನ್ನು ಎಷ್ಟೇ ಗಟ್ಟಿಯಿರಲಿ, ತೆಗೆದುಕೊಳ್ಳಬೇಡಿ.

ಕೊಯ್ದ ತುಂಡು ಕೊಳ್ಳಲೇಬೇಕಾದರೆ, ಎರಡೂ ಪಕ್ಕದಲ್ಲಿ ಕಾಣುವ ಗಾಢ ಮಾಂಸದ ಪಟ್ಟಿ ನೋಡಿ. ತಾಜಾ ಇದ್ದರೆ ಕೆಂಪು, ಹಳತಾದರೆ ಕಂದು. ಮಾಂಸದ ಪದರಗಳ ನಡುವೆ ಬಿರುಕು ಬಿಟ್ಟಿದ್ದರೆ ಅದು ಹಳೆಯದು, ಇಲ್ಲವೇ ಸರಿಯಾಗಿ ಫ್ರೀಜ್ ಮಾಡದೆ ಇಟ್ಟದ್ದು. ಇಂಥ ತುಂಡು ಕಾವಲಿಯಲ್ಲಿ ಮಗುಚುವಾಗ ಪುಡಿಯಾಗುವುದು ಖಂಡಿತ.

ಕಾಲವೂ ನೆನಪಿರಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಮಲ್ಪೆ, ಮಂಗಳೂರಿನ ದೊಡ್ಡ ಬೋಟುಗಳೆಲ್ಲ ದಡದಲ್ಲಿರುತ್ತವೆ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ "ಇವತ್ತು ಬೆಳಗ್ಗೆ ಮಲ್ಪೆಯಿಂದ ಬಂದದ್ದು" ಅಂತ ದೊಡ್ಡ ಅಂಜಲ್ ತೋರಿಸಿದರೆ ನಕ್ಕು ಮುಂದೆ ಹೋಗಿ. ಅದು ಬಹುಪಾಲು ಫ್ರೀಜರಿನದ್ದು, ಇಲ್ಲವೇ ಪೂರ್ವ ಕರಾವಳಿಯದ್ದು. ಅಲ್ಲಿನ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಪೂರ್ವ ಕರಾವಳಿಯ ಮೀನು ತಪ್ಪಲ್ಲ, ಆದರೆ ಐಸ್ ಮೇಲೆ ಎಷ್ಟು ದಿನ ಕಳೆದಿದೆ ಎಂದು ಕೇಳಿ.

ಹಂತ 3: ಐಸ್ ವಿಷಯದಲ್ಲಿ ರಾಜಿ ಇಲ್ಲ

ಈ ಹಂತ ತಪ್ಪಿದರೆ ಕೆಡುವುದು ರುಚಿ ಮಾತ್ರ ಅಲ್ಲ. ಅಂಜಲ್, ಬಂಗುಡೆ, ಟ್ಯೂನಾ ಎಲ್ಲ ಒಂದೇ ಕುಟುಂಬ. ಬಿಡುವಿಲ್ಲದೆ ವೇಗವಾಗಿ ಈಜುವ ಈ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಮೀನು ಬೆಚ್ಚಗಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಒಮ್ಮೆ ಹಿಸ್ಟಮಿನ್ ಆದ ಮೇಲೆ ಬೇಯಿಸಿದರೂ ಹೋಗುವುದಿಲ್ಲ, ಕರಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ. ವಾಸನೆ ಬಾರದೆಯೂ ಇರಬಹುದು.

ಇಂಥ ಮೀನು ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ, ಕುತ್ತಿಗೆ ಕೆಂಪಾಗುತ್ತದೆ. ತಲೆನೋವು, ತುರಿಕೆ, ಎದೆ ಬಡಿತ, ಹೊಟ್ಟೆ ತೊಳಸುವುದು ಶುರುವಾಗಬಹುದು. ಬಾಯಿಯಲ್ಲಿ ಮೆಣಸು ಕಚ್ಚಿದಂತೆ ಚುರುಗುಟ್ಟುವುದೂ ಒಂದು ಲಕ್ಷಣ. ನಮ್ಮ ಮಸಾಲೆಯ ಖಾರದಲ್ಲಿ ಅದು ಗೊತ್ತೇ ಆಗುವುದಿಲ್ಲ, ಅಲ್ವಾ? ಅದೇ ಅಪಾಯ. ಬಹಳ ಜನ "ನನಗೆ ಮೀನು ಅಲರ್ಜಿ" ಎಂದುಕೊಂಡು ಸುಮ್ಮನಾಗುತ್ತಾರೆ. ಲಕ್ಷಣ ಕಂಡರೆ ತಿನ್ನುವುದು ನಿಲ್ಲಿಸಿ, ವೈದ್ಯರಿಗೆ ತೋರಿಸಿ, ಯಾವ ಮೀನು ತಿಂದಿರಿ ಎಂದು ಹೇಳಿ. ಉಸಿರಾಟಕ್ಕೆ ತೊಂದರೆಯಾದರೆ, ತುಟಿ ನಾಲಿಗೆ ಊದಿಕೊಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ತಡೆಯುವ ದಾರಿ ಒಂದೇ, ತಂಪು. ಮೀನು ಎಷ್ಟು ತೂಕವೋ ಐಸ್ ಕೂಡ ಅಷ್ಟೇ ಇರಲಿ. ಕೆಳಗೊಂದು ಪದರ, ಮೇಲೊಂದು ಪದರ. ಕೊಯ್ದ ತುಂಡನ್ನು ಮೊದಲು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆಮೇಲೆ ಐಸಿನಲ್ಲಿಡಿ. ಕರಗಿದ ನೀರಿನಲ್ಲಿ ತುಂಡು ನೆನೆದರೆ ರುಚಿ ನೀರಿಗೆ ಹೋಗುತ್ತದೆ, ಮಾಂಸ ನೀರು ಕುಡಿಯುತ್ತದೆ. ಮೀನಿನ ಅಂಗಡಿ ಕೊನೆಯ ಕೆಲಸವಾಗಿರಲಿ. ಮೀನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ತರಕಾರಿ, ದಿನಸಿ ಅಂತ ಸುತ್ತಬೇಡಿ.

ಮನೆಯಲ್ಲಿ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಡಿ. ಫ್ರಿಜ್ಜಿನ ಬಾಗಿಲಿನಲ್ಲಲ್ಲ, ಒಳಗೆ, ಹಿಂಬದಿಗೆ. ಅದೇ ದಿನ ಮಾಡಿದರೆ ಉತ್ತಮ, ಮರುದಿನ ಪರವಾಗಿಲ್ಲ.

ಹಂತ 4: ಕೊಯ್ಯುವುದು

ಅಂಗಡಿಯಲ್ಲಿ ಕೊಯ್ಯಿಸುವುದಾದರೆ ಎರಡೇ ಮಾತು ಹೇಳಿ: ತುಂಡು ಒಂದೂವರೆ ಸೆಂಟಿಮೀಟರ್ ದಪ್ಪ ಇರಲಿ, ಎಲ್ಲ ಒಂದೇ ಸಮ ಇರಲಿ. ಸುಮಾರು ಒಂದು ಬೆರಳಿನ ದಪ್ಪ ಅಂದರೆ ಅವರಿಗೆ ಅರ್ಥವಾಗುತ್ತದೆ. ಇದಕ್ಕಿಂತ ತೆಳುವಾದರೆ ಒಣಗುತ್ತದೆ, ದಪ್ಪವಾದರೆ ಮುಳ್ಳಿನ ಸುತ್ತ ಹಸಿ ಉಳಿಯುತ್ತದೆ. ಒಂದು ಬದಿ ದಪ್ಪ, ಒಂದು ಬದಿ ತೆಳು ಆದ ತುಂಡು ಎಂದೂ ಸಮನಾಗಿ ಬೇಯುವುದಿಲ್ಲ. ಸಾರಿಗೆ ಬೇಕಾದ ತುಂಡುಗಳನ್ನು ಬೇರೆ, ದಪ್ಪಗೆ ಕೊಯ್ಯಿಸಿ.

ಮನೆಯಲ್ಲೇ ಕೊಯ್ಯುವವರು ಮೊದಲು ಇಡೀ ಮೀನನ್ನು ಚೆನ್ನಾಗಿ ತೊಳೆಯಿರಿ. ತೊಳೆಯುವ ಕೆಲಸದ ಬಹುಪಾಲು ಇಲ್ಲೇ ಮುಗಿಯಬೇಕು. ಹೊಟ್ಟೆ ಸೀಳಿ ಕರುಳು ತೆಗೆಯಿರಿ, ಕಿವಿರು ಕಿತ್ತುಹಾಕಿ. ಬೆನ್ನುಮೂಳೆಯ ಕೆಳಗೆ, ಹೊಟ್ಟೆಯ ಒಳಗೋಡೆಗೆ ಅಂಟಿಕೊಂಡು ಕಡುಗೆಂಪು ರಕ್ತದ ಗೆರೆ ಇರುತ್ತದೆ. ಅದರ ಮೇಲಿನ ತೆಳು ಪೊರೆ ಸೀಳಿ, ಬೆರಳಿನಿಂದ ಉಜ್ಜಿ ತೆಗೆಯಿರಿ. "ಎಷ್ಟು ತೊಳೆದರೂ ವಾಸನೆ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಗೆರೆಯೇ. ಅಂಗಡಿಯವರು ಅವಸರದಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಮನೆಗೆ ಬಂದ ಮೇಲೆ ಪ್ರತಿ ತುಂಡಿನಲ್ಲೂ ಮೂಳೆಯ ಕೆಳಗೆ ಒಮ್ಮೆ ನೋಡಿ.

ಆಮೇಲೆ ಮೀನನ್ನು ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಸ್ವಲ್ಪ ಬಿಗಿಯಾದರೆ ತುಂಡು ನೇರವಾಗಿ ಬರುತ್ತದೆ. ಮೆಟ್ಟುಕತ್ತಿಯ ರೂಢಿ ಇದ್ದವರಿಗೆ ಈ ಉಪಾಯ ಬೇಡ. ಚೂರಿಯಲ್ಲಿ ಕೊಯ್ಯುವಾಗ ಬೆನ್ನುಮೂಳೆ ಸಿಕ್ಕ ಕೂಡಲೇ ಜೋರು ಮಾಡಬೇಡಿ. ಚೂರಿಯನ್ನು ಆಚೀಚೆ ಸರಿಸಿ ಮೂಳೆಯ ಗಿಣ್ಣು ಹುಡುಕಿ, ಅಲ್ಲಿ ಒತ್ತಿ. ಮೂಳೆಯ ಮೇಲೆ ಬಡಿದರೆ ಅದು ಚೂರಾಗಿ ಮಾಂಸದೊಳಗೆ ಹೋಗುತ್ತದೆ. ಅಂಜಲಿನಲ್ಲಿ ಸಣ್ಣ ಮುಳ್ಳು ಕಡಿಮೆ ಎಂದು ನಂಬಿ ದೊಡ್ಡ ಮಕ್ಕಳಿಗೆ ಕೊಡುತ್ತೇವಲ್ಲ, ಆಗ ಇದು ತೊಂದರೆ.

ಹಂತ 5: ಉಪ್ಪು ಹಾಕಿ, ಕಾದು, ಒರೆಸಿ

ನನ್ನನ್ನು ಕೇಳಿದರೆ ಫ್ರೈ ಗೆಲ್ಲುವುದು, ಸೋಲುವುದು ಇಲ್ಲೇ. ಬಹಳ ಜನ ಈ ಹಂತವನ್ನು ಪೂರ್ತಿ ಬಿಡುತ್ತಾರೆ.

ಕೊಯ್ದ ತುಂಡುಗಳನ್ನು ಉಪ್ಪು ಬೆರೆಸಿದ ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ ತೆಗೆಯಿರಿ. ನಲ್ಲಿಯ ಕೆಳಗೆ ಹಿಡಿದು ನಾಲ್ಕೈದು ಸಲ ತೊಳೆಯಬೇಡಿ. ಅರಿಸಿನ, ನಿಂಬೆ ಹಚ್ಚಿ ನೆನೆಸಿಟ್ಟು ಮತ್ತೆ ತೊಳೆಯುವ ಪದ್ಧತಿಯೂ ಬೇಡ. ತಾಜಾ ಮೀನಿಗೆ ಅದರ ಅಗತ್ಯವಿಲ್ಲ, ಹಳೆಯ ಮೀನು ಅದರಿಂದ ತಾಜಾ ಆಗುವುದಿಲ್ಲ.

ಬಟ್ಟೆಯಲ್ಲಿ ಒರೆಸಿ. ಮುಕ್ಕಾಲು ಕಿಲೋ ತುಂಡಿಗೆ ಒಂದು ಟೀ ಚಮಚ ಪುಡಿಉಪ್ಪನ್ನು ಎರಡೂ ಬದಿಗೆ ಸವರಿ. ಒಂದು ತಟ್ಟೆಯನ್ನು ಓರೆಯಾಗಿಟ್ಟು ಅದರ ಮೇಲೆ ಹರಡಿ. ಹತ್ತು ಹದಿನೈದು ನಿಮಿಷದಲ್ಲಿ ತುಂಡಿನ ಮೇಲೆ ನೀರು ಒಸರಿ ಕೆಳಗಿಳಿದಿರುತ್ತದೆ. ಈ ನೀರೇ ಇಷ್ಟು ದಿನ ನಿಮ್ಮ ಮಸಾಲೆಯನ್ನು ಕಾವಲಿಗೆ ಇಳಿಸುತ್ತಿದ್ದದ್ದು. ಅದನ್ನು ಚೆಲ್ಲಿ, ತುಂಡುಗಳನ್ನು ಒತ್ತಿ ಒರೆಸಿ. ಮುಟ್ಟಿದರೆ ಬೆರಳಿಗೆ ಒದ್ದೆ ಹತ್ತಬಾರದು, ತುಸು ಜಿಗುಟು ಹತ್ತಬೇಕು. ಆ ಜಿಗುಟೇ ಮಸಾಲೆಯನ್ನು ಹಿಡಿದುಕೊಳ್ಳುತ್ತದೆ.

ಫ್ರೀಜ್ ಮಾಡಿದ ಮೀನಾದರೆ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ, ನಿಧಾನವಾಗಿ ಕರಗಲಿ. ಬಿಸಿನೀರಿನಲ್ಲಿ ಹಾಕಿ ಕರಗಿಸಬೇಡಿ. ಇಂಥ ಮೀನಿನಿಂದ ನೀರು ಜಾಸ್ತಿ ಬರುತ್ತದೆ, ಎರಡು ಸಲ ಒರೆಸಬೇಕಾಗುತ್ತದೆ.

ಹಂತ 6: ಮಸಾಲೆ

ಇದು ಮಂಗಳೂರು ಕಡೆಯ ಸಾದಾ ಮಸಾಲೆ. ಮುಕ್ಕಾಲು ಕಿಲೋಗೆ ಬ್ಯಾಡಗಿ ಮೆಣಸಿನಕಾಯಿ 12, ಗುಂಟೂರು 3, ಕೊತ್ತಂಬರಿ ಬೀಜ ಒಂದು ದೊಡ್ಡ ಚಮಚ, ಜೀರಿಗೆ ಮತ್ತು ಕಾಳುಮೆಣಸು ಅರ್ಧರ್ಧ ಟೀ ಚಮಚ, ಮೆಂತ್ಯ ಏಳೆಂಟು ಕಾಳು, ಬೆಳ್ಳುಳ್ಳಿ 8 ಎಸಳು, ಅರಿಸಿನ ಅರ್ಧ ಟೀ ಚಮಚ, ಹುಣಸೆಹಣ್ಣು ಸಣ್ಣ ನಿಂಬೆಯ ಅರ್ಧದಷ್ಟು. ಉಪ್ಪು ಕಾಲು ಟೀ ಚಮಚ ಸಾಕು, ಮೀನಿಗೆ ಆಗಲೇ ಹಾಕಿದ್ದೀರಿ.

ಮೆಣಸಿನಕಾಯಿಯನ್ನು 20 ನಿಮಿಷ ಬಿಸಿನೀರಿನಲ್ಲಿ ನೆನೆಸಿ, ನೀರು ಪೂರ್ತಿ ಬಸಿದು ರುಬ್ಬಿ. ಬೀಜ, ಕಾಳುಗಳನ್ನು ಮೊದಲೇ ಒಣಗಿದ್ದಂತೆ ಪುಡಿ ಮಾಡಿಕೊಂಡರೆ ರುಬ್ಬುವಾಗ ನೀರು ಕಡಿಮೆ ಸಾಕು. ಮಿಕ್ಸಿ ತಿರುಗುತ್ತಿಲ್ಲ ಅಂತ ನೀರು ಸುರಿಯಬೇಡಿ. ಒಂದು ಚಮಚ ತೆಂಗಿನೆಣ್ಣೆ ಹಾಕಿ, ತಿರುಗುತ್ತದೆ. ಚಮಚ ಬಗ್ಗಿಸಿದರೂ ಮಸಾಲೆ ಬೀಳಬಾರದು, ಅಷ್ಟು ಗಟ್ಟಿಯಿರಲಿ. ತರಿತರಿಯಾಗಿದ್ದರೆ ಕಾವಲಿಯಲ್ಲಿ ಉದುರಿ ಸುಡುತ್ತದೆ, ನುಣ್ಣಗೆ ರುಬ್ಬಿ.

ತೆಳ್ಳಗೆ ಸವರಿ. ದಪ್ಪ ಮೆತ್ತಿದರೆ ಹೊರಪದರ ಸುಟ್ಟು ಒಳಪದರ ಹಸಿ ಮೆಣಸಿನ ವಾಸನೆ ಬರುತ್ತದೆ. ಮುಚ್ಚಿ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಹೊರಗೆ ಬೇಡ, ಕಾರಣ 3ನೇ ಹಂತದಲ್ಲಿದೆ. ರಾತ್ರಿಯಿಡೀ ನೆನೆಸಿದರೆ ರುಚಿ ಹೆಚ್ಚು ಅನ್ನುವುದು ಕೋಳಿಯ ಲೆಕ್ಕ. ಹುಣಸೆಯ ಹುಳಿ ಮೀನಿನ ಹೊರಮೈಯನ್ನು ಗಟ್ಟಿ ಮಾಡುತ್ತದೆ, ಬೆಂದ ಮೇಲೆ ಅದು ಸೀಮೆಸುಣ್ಣದ ಹಾಗೆ ಪುಡಿಪುಡಿಯಾಗುತ್ತದೆ.

ರವಾ ಫ್ರೈ ಬೇಕಾದವರು ಚಿರೋಟಿ ರವೆಗೆ ಸ್ವಲ್ಪ ಅಕ್ಕಿಹಿಟ್ಟು ಸೇರಿಸಿ, ಕಾವಲಿಗೆ ಹಾಕುವ ಮುಂಚಿನ ಕ್ಷಣದಲ್ಲಿ ಒತ್ತಿ ಹಚ್ಚಿ. ಮೊದಲೇ ಹಚ್ಚಿಟ್ಟರೆ ರವೆ ತೇವ ಹೀರಿ ಅಂಟಾಗುತ್ತದೆ.

ಹಂತ 7: ಕಾವಲಿಯ ಮೇಲೆ

ಮಸಾಲೆ ಹಚ್ಚಿದ ತುಂಡನ್ನು ಹತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ. ತೀರಾ ತಣ್ಣಗಿದ್ದರೆ ಎಣ್ಣೆಯ ಕಾವು ಇಳಿಯುತ್ತದೆ.

ಕಾವಲಿಯನ್ನು ಖಾಲಿಯಾಗಿಯೇ ಕಾಯಿಸಿ (ನಾನ್‌ಸ್ಟಿಕ್ ಆದರೆ ಖಾಲಿ ಕಾಯಿಸಬೇಡಿ, ಎಣ್ಣೆಯ ಜೊತೆಗೇ ಕಾಯಿಸಿ). ಕಾದ ಮೇಲೆ ಮೂರು ದೊಡ್ಡ ಚಮಚ ತೆಂಗಿನೆಣ್ಣೆ, ಒಂದು ಎಸಳು ಕರಿಬೇವು. ಒಂದು ಚೂರು ಮಸಾಲೆ ಹಾಕಿ ನೋಡಿ. ಕೂಡಲೇ ಗುಳ್ಳೆ ಎದ್ದು ಚುರ್ ಅಂದರೆ ಸರಿ. ಸುಮ್ನೆ ಕೂತರೆ ಇನ್ನೂ ಕಾಯಬೇಕು. ಹಾಕಿದ ಕ್ಷಣವೇ ಕಪ್ಪಾದರೆ ಕಾವು ಜಾಸ್ತಿ, ಒಲೆ ತಗ್ಗಿಸಿ ಒಂದು ನಿಮಿಷ ಕಾಯಿರಿ.

ತುಂಡುಗಳ ನಡುವೆ ಎರಡು ಬೆರಳು ಜಾಗ ಬಿಡಿ. ಒತ್ತೊತ್ತಾಗಿ ಇಟ್ಟರೆ ಹಬೆ ಹೋಗಲು ದಾರಿ ಇಲ್ಲದೆ ಮೀನು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಇಟ್ಟ ಮೇಲೆ ಮಧ್ಯಮ ಉರಿಯಲ್ಲಿ ನಾಲ್ಕು ನಿಮಿಷ ಮುಟ್ಟಬೇಡಿ. ಅಂಟಿತೇನೋ ಅಂತ ಎತ್ತಿ ನೋಡುವ ಆಸೆ ಬರುತ್ತದೆ, ಅದೇ ಕೆಡಿಸುವುದು. ಶುರುವಿನಲ್ಲಿ ಎಲ್ಲ ಮೀನೂ ಸ್ವಲ್ಪ ಅಂಟುತ್ತದೆ. ಕೆಳಗೆ ಗರಿಗರಿ ಪದರ ಕಟ್ಟಿದ ಮೇಲೆ ತಾನಾಗಿಯೇ ಬಿಡುತ್ತದೆ. ಮಗುಚುವ ಕೈಯಿಂದ ಅಂಚನ್ನು ಮೆಲ್ಲಗೆ ತಳ್ಳಿ ನೋಡಿ. ಜಾರಿದರೆ ಮಗುಚಿ. ಜಾರದಿದ್ದರೆ ಇನ್ನೊಂದು ನಿಮಿಷ ಬಿಡಿ, ಕೆರೆಯಬೇಡಿ.

ಎರಡನೇ ಬದಿಗೆ ಮೂರು ನಿಮಿಷ ಸಾಕು. ಒಂದೇ ಸಲ ಮಗುಚುವುದು, ಮತ್ತೆ ಮತ್ತೆ ಅಲ್ಲ. ಮುಚ್ಚಳ ಹಾಕಬೇಡಿ. ಬೇಗ ಬೇಯಲಿ ಅಂತ ಮುಚ್ಚಿದರೆ ಹಬೆಯ ನೀರು ಮಸಾಲೆಯನ್ನು ಸಡಿಲ ಮಾಡುತ್ತದೆ. ಕೊನೆಗೆ ಚರ್ಮದ ಅಂಚು ಕೆಳಗೆ ಬರುವಂತೆ ತುಂಡನ್ನು ಅರ್ಧ ನಿಮಿಷ ನಿಲ್ಲಿಸಿ ಹಿಡಿಯಿರಿ. ಹೋಟೆಲಿನವರ ಮೀನಿನಲ್ಲಿ ಚರ್ಮ ಗರಿಗರಿ ಇರುವುದು ಹೀಗೆ.

ಬೆಂದದ್ದು ಗೊತ್ತಾಗುವುದು ನಡುಮೂಳೆಯ ಬಳಿ. ಚೂರಿಯ ತುದಿಯಿಂದ ಬಿಡಿಸಿ ನೋಡಿ. ಮಾಂಸ ಬಿಳಿಯಾಗಿ ಮೂಳೆಯಿಂದ ಸಲೀಸಾಗಿ ಬಿಟ್ಟರೆ ಇಳಿಸಿ. ಗಾಜಿನಂತೆ ಪಾರದರ್ಶಕವಾಗಿ ಮೂಳೆಗೆ ಅಂಟಿಕೊಂಡಿದ್ದರೆ ಉರಿ ಸಣ್ಣ ಮಾಡಿ ಇನ್ನೊಂದು ನಿಮಿಷ. ಅಡುಗೆ ಥರ್ಮಾಮೀಟರ್ ಇದ್ದರೆ 63 ಡಿಗ್ರಿ ನೋಡಿ. ತುಂಡಿನ ಬದಿಯಲ್ಲಿ ಬಿಳಿ ಬಿಳಿ ಗಟ್ಟಿ ರಸ ಬಹಳ ಒಸರುತ್ತಿದ್ದರೆ ಆಗಲೇ ಅತಿಯಾಗಿದೆ ಎಂದರ್ಥ.

ಇಳಿಸಿದ್ದನ್ನು ಜಾಲರಿಯ ಮೇಲಿಡಿ. ಒಂದರ ಮೇಲೊಂದು ಪೇರಿಸಿದರೆ ಗರಿಗರಿ ಹೋಯಿತು. ಎರಡನೇ ಸುತ್ತಿಗೆ ಮೊದಲು ಕಾವಲಿಯಲ್ಲಿ ಉಳಿದ ಕರಿ ಮಸಾಲೆಯನ್ನು ಬಟ್ಟೆಯಿಂದ ಒರೆಸಿ, ಹೊಸ ಎಣ್ಣೆ ಹಾಕಿ. ಎರಡನೇ ಸುತ್ತಿನ ಮೀನು ಕಹಿ ಅನ್ನುವವರು ಇದೊಂದನ್ನು ಮಾಡಿ ನೋಡಿ.

ಹಂತ 8: ಉಳಿದದ್ದು, ಮತ್ತು ಯಾರು ತಿನ್ನಬಾರದು

ಹಸಿ ತುಂಡು ಉಳಿದರೆ ಮಸಾಲೆ ಹಚ್ಚದೆ, ಒರೆಸಿ, ಒಂದೊಂದು ಊಟಕ್ಕೆ ಬೇಕಾದಷ್ಟು ಬೇರೆ ಬೇರೆ ಚೀಲದಲ್ಲಿ ಗಾಳಿ ತೆಗೆದು ಫ್ರೀಜ್ ಮಾಡಿ. ಮೈನಸ್ 18 ಡಿಗ್ರಿಯಲ್ಲಿ ಎರಡು ತಿಂಗಳೊಳಗೆ ಮುಗಿಸಿ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಹುರಿದ ಮೀನು ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ. ಮರುದಿನ ಬಿಸಿ ಮಾಡಲು ಮೈಕ್ರೋವೇವ್ ಬೇಡ, ಒಣ ಕಾವಲಿಯಲ್ಲಿ ಸಣ್ಣ ಉರಿ ಸಾಕು.

ಅಂಜಲ್ ಬೇರೆ ಮೀನನ್ನು ತಿಂದು ಬದುಕುವ ದೊಡ್ಡ ಮೀನು. ಇಂಥವುಗಳ ಮೈಯಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ, ಗಾತ್ರ ಹೆಚ್ಚಿದಷ್ಟೂ ಜಾಸ್ತಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಂಜಲಿನ ಹತ್ತಿರದ ಸಂಬಂಧಿಯಾದ ಕಿಂಗ್ ಮ್ಯಾಕರೆಲ್ ಮೀನನ್ನು ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಚಿಕ್ಕ ಮಕ್ಕಳು ತಿನ್ನಬಾರದ ಪಟ್ಟಿಯಲ್ಲಿ ಇಟ್ಟಿದೆ. ಮನೆಯಲ್ಲಿ ಅಂಥವರಿದ್ದರೆ ಅವರ ತಟ್ಟೆಗೆ ಬೂತಾಯಿ ಅಥವಾ ಬಂಗುಡೆ ಬಡಿಸಿ. ಅದಕ್ಕೂ ಇದೇ ಮಸಾಲೆ ನಡೆಯುತ್ತದೆ. ಇಡೀ ಮೀನಿನ ಮೈಮೇಲೆ ಓರೆಯಾಗಿ ಗೀರು ಹಾಕಿ ಹಚ್ಚಬೇಕು, ಅಷ್ಟೇ.